ಮೊದಲ ಮುಷ್ಟಿ ಹಾಕುವ ಕೈ

ನಮ್ಮ ಮನೆಯಲ್ಲಿ ಕವಿ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಅನುಮಾನ ಬರಬಹುದು. ಶಹಾಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಎರಡು ಕವನ ಸಂಕಲನ ಬಂದಿವೆ, ಜಿಲ್ಲೆಯೊಳಗೆ ಎಲ್ಲಿ ಕವಿಗೋಷ್ಠಿಯಾದರೂ ಕರೆಯುತ್ತಾರೆ. ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ಅವಳು ಇವತ್ತಿನತನಕ ಒಂದು ಪದ್ಯವನ್ನೂ ಬರೆದಿಲ್ಲ. ಆದರೂ ಈ ಮನೆಗೆ ಬಂದಾಗಿನಿಂದ ನಾನು ಹೊಟ್ಟೆಕಿಚ್ಚು ಪಟ್ಟದ್ದು ಬೇರೆ ಯಾವ ಕವಿಯ ಮೇಲೂ ಅಲ್ಲ, ಅವಳ ಮೇಲೆ.

ನಾನು ಯಾದಗಿರಿಯ ಪೇಟೆಯಲ್ಲಿ ಬೆಳೆದವಳು. ಅಪ್ಪನದು ಬಟ್ಟೆ ಅಂಗಡಿ. ಹೊಲವೆಂದರೆ ನನಗೆ ರೈಲಿನ ಕಿಟಕಿಯಲ್ಲಿ ಹಿಂದಕ್ಕೆ ಓಡುವ ವಸ್ತುವಾಗಿತ್ತು. ಕಾಲೇಜಿನಲ್ಲಿದ್ದಾಗ ಪದ್ಯ ಬರೆಯುವ ಚಟ ಹತ್ತಿತು, ಯಾಕೋ ಏನೋ ಹೊಲದ ಮೇಲೆಯೇ ಬರೆಯಬೇಕು ಅನ್ನಿಸುತ್ತಿತ್ತು. ಈಗ ಆ ನೋಟುಬುಕ್ಕು ತೆಗೆದರೆ ನಗು ಬರುತ್ತದೆ. ಭೂಮಿ ಹಸಿರು ಸೀರೆ ಉಟ್ಟಿದೆ, ಜೋಳಕ್ಕೆ ಮುತ್ತಿನ ಸೆರಗಿದೆ, ಕಾಲುವೆ ಜರಿ ಅಂಚಾಗಿ ಹರಿದಿದೆ. ನನ್ನ ಹೊಲಗಳೆಲ್ಲ ಅಪ್ಪನ ಅಂಗಡಿಯ ಕಪಾಟಿನಿಂದ ಇಳಿದು ಬಂದಿದ್ದವು. ನಮ್ಮ ಕಡೆಯ ಎರೆಭೂಮಿ ವರ್ಷದ ಅರ್ಧ ಕಾಲ ಕಪ್ಪಗೆ ಬಿರಿದುಕೊಂಡು ಬಿದ್ದಿರುತ್ತದೆ ಅನ್ನುವುದು ನನಗೆ ಗೊತ್ತಿತ್ತು, ಆದರೆ ಅದನ್ನು ಪದ್ಯದಲ್ಲಿ ಹೇಳಬಹುದು ಅಂತ ಹೊಳೆದಿರಲಿಲ್ಲ.

ಮದುವೆಯಾಗಿ ಬಂದದ್ದು ಗೋಗಿಯ ದಾರಿಯಲ್ಲಿರುವ ಒಂದು ಹಳ್ಳಿಗೆ. ನನ್ನ ಗಂಡ ಶಹಾಪುರದಲ್ಲಿ ಗುಮಾಸ್ತರು. ನಾವಿಬ್ಬರೂ ಬೆಳಿಗ್ಗೆ ಶೇರ್ ಆಟೋ ಹತ್ತಿ ಹೋಗಿ ಸಂಜೆ ಬರುವವರು. ಹೊಲ ನೋಡಿಕೊಳ್ಳುವವರು ಭಾವ ಮತ್ತು ಅಕ್ಕ. ಭಾವ ಮಾತಿನಲ್ಲಿ ಬಲು ಜಿಪುಣರು, ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಆರು ಎತ್ತುಗಳ ಜೊತೆ. ಅವರ ಪಾಲಿನ ಮಾತನ್ನೂ ಅಕ್ಕನೇ ಆಡಿ ಮುಗಿಸುತ್ತಿದ್ದಳು.

ಮದುವೆಯಾದ ಎರಡನೆಯ ವರ್ಷ ಯಾದಗಿರಿಯ ಒಂದು ಸ್ಪರ್ಧೆಯಲ್ಲಿ ನನ್ನ ಪದ್ಯಕ್ಕೆ ಬಹುಮಾನ ಬಂತು. ಹೂಬಿಟ್ಟ ತೊಗರಿ ಹೊಲದ ಮೇಲೆ ಮುಂಜಾನೆಯ ಮಂಜು ಇಳಿಯುವ ಪದ್ಯ ಅದು. ಹಳದಿ ಹೂವಿಗೆ ಮಂಜು ಮುತ್ತು ಪೋಣಿಸಿದೆ ಅಂತ ಬರೆದಿದ್ದೆ. ತೀರ್ಪುಗಾರರು ಮೂವರೂ ಆ ಪಂಕ್ತಿಯನ್ನೇ ಮತ್ತೆ ಮತ್ತೆ ಓದಿ ಹೊಗಳಿದ್ದರು. ಮನೆಗೆ ಬಂದವಳೇ ಚಹದ ಹೊತ್ತಿಗೆ ಎಲ್ಲರೆದುರು ಪದ್ಯ ಓದಿದೆ. ಅಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪೂರ್ತಿ ಕೇಳಿ, ಕೈ ನಿಲ್ಲಿಸಿ, ಭಾವನ ಮುಖ ನೋಡಿದಳು.

“ಮಂಜು ಬಿದ್ರ ತೊಗರಿ ಹೂವು ಉದುರ್ತದಲ್ಲವ್ವಾ,” ಅಂದಳು. “ಹ್ವಾದ ವರ್ಷ ಮೂರು ದಿನ ಮಂಜು ಬಿದ್ದು ನಮ್ಮ ಹೊಲದಾಗ ಬರೇ ಕಟಗಿ ನಿಂತಿದ್ದು. ಅದಕ್ಕ ಮುತ್ತು ಅಂತ ಬರದೀಯೇನು?”

ಅವಳು ಹಂಗಿಸಲಿಲ್ಲ. ಓದಿದವರಿಗೆ ಗೊತ್ತಿರುವ ಏನೋ ಒಂದು ತನಗೆ ಗೊತ್ತಿಲ್ಲವೇನೋ ಅಂತ ನಿಜವಾಗಿಯೂ ಕೇಳಿದ್ದಳು. ಭಾವ ಚಹ ಗಂಟಲಿಗೆ ಸಿಕ್ಕವರಂತೆ ಕೆಮ್ಮಿದರು. ನನ್ನ ಗಂಡ ನಕ್ಕೇಬಿಟ್ಟರು. ನನ್ನ ಕಿವಿ ಕೆಂಪಾದವು. ಓದಿದ ಮೂವರಿಗೆ ಕಾಣದ ತಪ್ಪು ಇವಳಿಗೆ ಮೊರದ ಮುಂದೆ ಕುಳಿತಲ್ಲೇ ಕಂಡಿತ್ತು. ಅವತ್ತು ಊಟಕ್ಕೆ ಕುಳಿತಾಗ ಅವಳು ಮಾಡಿದ ಪುಂಡಿಪಲ್ಯಕ್ಕೆ ಉಪ್ಪು ಜಾಸ್ತಿಯಾಗಿದೆ ಅಂದೆ. ಉಪ್ಪು ಸರಿಯಾಗಿಯೇ ಇತ್ತು.

ಅಲ್ಲಿಂದ ನಾನು ಅವಳ ಮಾತಿಗೆ ಕಿವಿಗೊಡತೊಡಗಿದೆ. ಮೊದಮೊದಲು ತಪ್ಪು ಹುಡುಕಲಿಕ್ಕೆ, ಆಮೇಲೆ ಬರೆದುಕೊಳ್ಳಲಿಕ್ಕೆ. ಒಂದು ಸಂಜೆ ಅಂಗಳದಲ್ಲಿ ನಿಂತು ಮೋಡ ನೋಡಿದಳು. “ಮುಗಿಲು ಇವತ್ತ ಈಯೋ ಆಕಳ ಹಂಗ ಆಗ್ಯಾದ,” ಅಂದಳು. “ನಿಂದ್ರಾಕೂ ಒಲ್ಲದು, ಮಲಗಾಕೂ ಒಲ್ಲದು.” ಭಾವ ಎದ್ದು ಹೊರಗಿದ್ದ ಮೇವನ್ನು ಒಳಗೆ ಹಾಕಿದರು. ಊಟ ಮುಗಿಯುವ ಮೊದಲೇ ಮಳೆ ಬಂತು.

ಇನ್ನೊಮ್ಮೆ ಹೊಲದಿಂದ ಬಂದವಳು, “ನೆಲ ಮ್ಯಾಲ ಬೆಂದಾದ, ಒಳಗ ಇನ್ನಾ ಹಸಿ ಅದ. ರೊಟ್ಟಿ ಹೊಳ್ಳಿಸಿ ಹಾಕೋ ಹೊತ್ತು,” ಅಂದಳು. ಮರುದಿನ ಬೆಳಿಗ್ಗೆ ಬಿತ್ತಲು ಹೋದರು. ತರಗತಿಯಲ್ಲಿ ನಾನು ಪ್ರತಿಮೆ ಅಂತ ಬೋರ್ಡಿನ ಮೇಲೆ ಬರೆದು ಅದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಪ್ರತಿಮೆ ಕವಿತೆಯ ಆಭರಣ ಅಂತ ಮಕ್ಕಳಿಂದ ಬರೆಸುತ್ತಿದ್ದೆ. ಇಲ್ಲಿ ನೋಡಿದರೆ ಅವಳ ಬಾಯಿಂದ ಬಂದ ಒಂದೊಂದು ಹೋಲಿಕೆಗೂ ಒಬ್ಬರು ಎದ್ದು ಒಂದು ಕೆಲಸಕ್ಕೆ ಹೋಗುತ್ತಿದ್ದರು. ನನ್ನ ಮುತ್ತಿನ ಮಾತು ಕೇಳಿ ಯಾರೂ ಎದ್ದು ಎಲ್ಲಿಗೂ ಹೋಗಿರಲಿಲ್ಲ.

ಈಯುವ ಆಕಳಿನ ಮಾತನ್ನು ನನ್ನ ಪದ್ಯವೊಂದರಲ್ಲಿ ಹಾಕಿಕೊಂಡೆ. ಕದ್ದೆ ಅನ್ನಲು ಆಗ ಬಾಯಿ ಬರಲಿಲ್ಲ, ಮನೆಯದೇ ಮಾತಲ್ಲವೇ ಅಂದುಕೊಂಡೆ. ಶಿರವಾಳದಲ್ಲಿ ಹಳೆಯ ಗುಡಿಯ ಅಂಗಳದಲ್ಲಿ ನಡೆದ ಗೋಷ್ಠಿಯಲ್ಲಿ ಅದನ್ನು ಓದಿದೆ. ಹಿರಿಯರೊಬ್ಬರು ಕೊನೆಗೆ ಮಾತಾಡುತ್ತ, ಪದ್ಯ ಪರವಾಗಿಲ್ಲ, ಆದರೆ ಆ ಮುಗಿಲಿನ ಒಂದು ಮಾತು ಮಾತ್ರ ಹೊಲ ಕಂಡು ಬಂದದ್ದು ಅಂದರು. ಶಾಲು ಹೊದಿಸಿಕೊಂಡು ಮನೆಗೆ ಬಂದೆ. ಏನಂದರು ಅಂತ ಅಕ್ಕ ಕೇಳಿದಳು. ಚೆನ್ನಾಗಿದೆ ಅಂದರು ಅಂತಷ್ಟೇ ಹೇಳಿ ಒಳಗೆ ಹೋದೆ. ಮೈಯೆಲ್ಲ ಉರಿಯುತ್ತಿತ್ತು. ಮೂವತ್ತು ಪಂಕ್ತಿಗಳಲ್ಲಿ ಇಪ್ಪತ್ತೊಂಬತ್ತು ನನ್ನವು, ಮೆಚ್ಚಿಗೆಯಾದದ್ದು ಅವಳದು.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಆದರೆ ಅಕ್ಕನಿಗೆ ಊರಲ್ಲಿ ಇನ್ನೊಂದು ಮಾನವಿತ್ತು. ಟ್ರ್ಯಾಕ್ಟರ್ ಬಂದ ಮೇಲೂ ನಮ್ಮೂರಲ್ಲಿ ಹಿಂಗಾರಿಯ ಬಿಳಿಜೋಳವನ್ನು ಎತ್ತಿನ ಕೂರಿಗೆಯಲ್ಲೇ ಬಿತ್ತುವವರಿದ್ದಾರೆ. ಟ್ರ್ಯಾಕ್ಟರು ಕಾಳನ್ನು ಬಹಳ ಆಳಕ್ಕೆ ಒಯ್ಯುತ್ತದೆ ಅನ್ನುವುದು ಅವರ ತಕರಾರು. ಕೂರಿಗೆಯ ಮೇಲೆ ಒಂದು ಮರದ ಬಟ್ಟಲು. ಬಟ್ಟಲಿನ ತಳದ ಮೂರು ತೂತುಗಳಿಂದ ಮೂರು ಬಿದಿರಿನ ಕೊಳವೆಗಳು ಇಳಿದು ನೆಲ ಸೀಳುವ ಮೂರು ಹಲ್ಲುಗಳ ಬೆನ್ನಿಗೆ ಸೇರುತ್ತವೆ. ಗಂಡಸು ಎತ್ತು ಹೊಡೆಯುತ್ತಾನೆ, ಹೆಂಗಸು ಉಡಿಯಲ್ಲಿ ಕಾಳು ಕಟ್ಟಿಕೊಂಡು ಜೊತೆಜೊತೆಗೆ ನಡೆಯುತ್ತ ಬಟ್ಟಲಿಗೆ ಮುಷ್ಟಿ ಬಿಡುತ್ತಾಳೆ. ಬಿತ್ತಿಗೆ ಶುರುವಾಗುವ ದಿನ ಕೂರಿಗೆಗೆ ವಿಭೂತಿ ಹಚ್ಚಿ, ಹಸಿರು ಬಳೆ ಕಟ್ಟಿ, ಕೈ ಚೆನ್ನಾಗಿದೆ ಅನ್ನಿಸಿಕೊಂಡ ಒಬ್ಬ ಹೆಣ್ಣುಮಗಳನ್ನು ಕರೆದು ಮೊದಲ ಮುಷ್ಟಿ ಹಾಕಿಸುತ್ತಾರೆ. ಆಮೇಲೆ ಅವಳಿಗೆ ಉಡಿ ತುಂಬಿ ಒಂದು ಕುಪ್ಪಸದ ಖಣ ಕೊಡುತ್ತಾರೆ. ನಮ್ಮ ಹೊಲದ ಸುತ್ತಲಿನವರಿಗೆಲ್ಲ ಆ ಕೈ ಅಕ್ಕನದು.

ಅಕ್ಕನ ಟ್ರಂಕಿನಲ್ಲಿ ಇಪ್ಪತ್ತು ವರ್ಷದ ಖಣಗಳಿದ್ದವು. ಹೊಲಿಸದೆ ಹಾಗೇ ಮಡಚಿ ಇಟ್ಟಿದ್ದಳು. ಇದು ಇಂಥವರ ಹೊಲದ್ದು, ಇದು ಬಾವಿ ಕಡೆಯವರದ್ದು ಅಂತ ಒಂದೊಂದನ್ನೂ ಗುರುತು ಹಿಡಿದು ಹೇಳುತ್ತಿದ್ದಳು. ನನ್ನ ಕಪಾಟಿನಲ್ಲೂ ಶಾಲುಗಳಿದ್ದವು, ಯಾವುದು ಎಲ್ಲಿಯದು ಅಂತ ನನಗೇ ನೆನಪಿರಲಿಲ್ಲ. ಸೆಪ್ಟೆಂಬರ್ ಬಂತೆಂದರೆ ನಮ್ಮ ಬಾಗಿಲಿಗೆ ಯಾರಾದರೂ ಬಂದು, “ಯಾವಾಗ ಬರ್ತೀರಿ ಹೇಳ್ರಿ, ಅವತ್ತ ಕೂರಗಿ ಹೂಡ್ತೀವಿ,” ಅನ್ನುತ್ತಿದ್ದರು. ಅವಳು ಬರುವತನಕ ಎತ್ತುಗಳು ನೊಗ ಹೊತ್ತು ನಿಂತಿರುತ್ತಿದ್ದವು. ನನ್ನ ಪದ್ಯಕ್ಕಾಗಿ ಯಾವ ಎತ್ತೂ ಕಾದಿರಲಿಲ್ಲ.

ಎರವಲು ಸಾಕು, ಹೊಲದ ಮಾತನ್ನು ನಾನೇ ಹೊಲದಿಂದ ತರುತ್ತೇನೆ ಅಂತ ಒಂದು ವರ್ಷ ನಿರ್ಧಾರ ಮಾಡಿದೆ. ಈ ಸಲ ನಮ್ಮ ಹೊಲದಲ್ಲಿ ಬಟ್ಟಲು ನಾನು ಹಿಡಿಯುತ್ತೇನೆ ಅಂದಾಗ ಅಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ ತನ್ನ ಹಳೆಯ ಸೀರೆಯೊಂದನ್ನು ತೆಗೆದುಕೊಟ್ಟಳು, ಇಳಕಲ್ ಉಟ್ಟು ಬರಬೇಡ ಅಂತ. ಉತ್ತರಿ ಮಳೆ ಮುಗಿದ ಮೇಲಿನ ಭಾನುವಾರ. ಮೊದಲ ಐದಾರು ಸುತ್ತು ಅವಳೇ ಹಾಕಿ ತೋರಿಸಿದಳು. ಮುಷ್ಟಿಯ ಕಿರುಬೆರಳಿನ ಕಡೆಯಿಂದ ಕಾಳು ಸೋರಬೇಕು, ಕೈ ಬಟ್ಟಲಿನ ಮೇಲೆ ಸಣ್ಣಗೆ ತಿರುಗುತ್ತಿರಬೇಕು.

“ಕಣ್ಣು ಬ್ಯಾಡ, ಕಿವಿ ಬೇಕು,” ಅಂದಳು. “ಮೂರೂ ಕೊಳವಿ ಸಪ್ಪಳ ಬರ್ತಿರಬೇಕು ನೋಡು. ತಿರುಗೋ ಮುಂದ ಹಲ್ಲಿಗೆ ಹಸಿಮಣ್ಣು ಹತ್ತಿ ಬಾಯಿ ಕಟ್ತದ. ಒಂದು ಕೊಳವಿ ಸುಮ್ಮನಾತಂದ್ರ ಜರಾನೂ ತಡಾ ಮಾಡಬ್ಯಾಡ, ಒದರು. ಇವರು ನಿಂದ್ರಿಸ್ತಾರ.”

ಬಟ್ಟಲನ್ನು ನನ್ನ ಕೈಗೆ ಬಿಟ್ಟು ಬುತ್ತಿ ತರಲು ಮನೆಗೆ ಹೋದಳು. ನಾನು, ಭಾವ, ಎರಡು ಎತ್ತು. ಕೊಳವೆಯಲ್ಲಿ ಕಾಳು ಇಳಿಯುವ ಸದ್ದು ಸಣ್ಣದು, ಆದರೆ ಕೇಳುತ್ತಿತ್ತು. ಈ ಸದ್ದಿಗೆ ಏನನ್ನು ಹೋಲಿಸಲಿ ಅಂತ ಯೋಚಿಸತೊಡಗಿದೆ. ಗೆಜ್ಜೆ ಅನ್ನಬಹುದು. ಬೇಡ, ಅದು ಪೇಟೆಯ ಮಾತು. ಮಳೆ ಅನ್ನಬಹುದು, ಅದನ್ನು ಎಲ್ಲರೂ ಅಂದಾಗಿದೆ. ಅಕ್ಕನಾದರೆ ಏನು ಅನ್ನುತ್ತಿದ್ದಳು? ಈ ಪ್ರಶ್ನೆ ಬಂದದ್ದೇ ಸಿಟ್ಟು ಬಂತು. ಅವಳಿಗಿಂತ ಚೆನ್ನಾಗಿ ಹೇಳಲೇಬೇಕು ಅಂತ ಹಟ ಹಿಡಿದು ಹುಡುಕುತ್ತ ನಡೆದೆ. ಎಷ್ಟು ಸಲ ಹೊಲದ ತುದಿಗೆ ಹೋಗಿ ತಿರುಗಿದೆವೋ ಲೆಕ್ಕವಿಡಲಿಲ್ಲ. ಬಟ್ಟಲಿನ ಒಂದು ತೂತಿನಲ್ಲಿ ಕಾಳು ಇಳಿಯದೆ ನಿಂತಿದ್ದು ಆಮೇಲೆ ಕಣ್ಣಿಗೆ ಬಿತ್ತು. ಕೆಳಗೆ ಬಾಯಿ ಕಟ್ಟಿ, ಕೊಳವೆ ಪೂರ್ತಿ ತುಂಬಿ, ಕಾಳು ಮೇಲಿನತನಕ ಬಂದು ನಿಂತಿತ್ತು. ಅದು ತುಂಬಬೇಕಾದರೆ ಎಷ್ಟೋ ಹೊತ್ತಾಗಿರಬೇಕು.

ಒದರಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಬದುವಿನ ಮೇಲೆ ತಲೆಗೆ ಬುಟ್ಟಿ ಹೊತ್ತು ಅಕ್ಕ ಬರುವುದು ಕಾಣಿಸಿತು. ಅವಳು ನಿಂತು ನಮ್ಮನ್ನೇ ನೋಡುತ್ತಿದ್ದಳು. ಬೇರೆ ಯಾರೇ ಇದ್ದರೂ ನಿಲ್ಲಿಸಿ ತಪ್ಪಾಯಿತು ಅನ್ನುತ್ತಿದ್ದೆ, ಅವಳ ಮುಂದೆ ಆಗಲಿಲ್ಲ. ಕೂರಿಗೆಗೆ ಸಿಗಿಸಿಟ್ಟಿದ್ದ ಕಡ್ಡಿ ತೆಗೆದು, ನಡೆಯುತ್ತಲೇ ಬಗ್ಗಿ, ಕೆಳಗಿನ ಬಾಯಿಗೆ ತಿವಿದೆ. ನಿಂತಿದ್ದ ಕಾಳೆಲ್ಲ ಒಮ್ಮೆಲೇ ಜಾರಿ ನೆಲಕ್ಕಿಳಿಯಿತು. ಭಾವ ಹೊರಳಿ ಒಮ್ಮೆ ನೋಡಿ ಮತ್ತೆ ಎತ್ತು ಹೊಡೆದರು. ಹಿಂದಿನಿಂದ ಮಣ್ಣು ಮುಚ್ಚಿಕೊಂಡಿತು. ಬದುವಿಗೆ ಬಂದಾಗ ಅಕ್ಕ, “ಕೈ ಹತ್ತೇತೇನು?” ಅಂತ ಕೇಳಿದಳು. ಹತ್ತಿತು, ರೂಢಿಯಾಯಿತು ಅಂದೆ.

ಐದು ದಿನ ನೆಲ ಏನನ್ನೂ ಹೇಳಲಿಲ್ಲ. ಆರನೆಯ ದಿನ ಶೇರ್ ಆಟೋದಲ್ಲಿ ಶಾಲೆಗೆ ಹೋಗುತ್ತಿದ್ದೆ. ನಮ್ಮ ಹೊಲ ರಸ್ತೆಗೆ ಹತ್ತಿದ್ದು. ಪಕ್ಕದಲ್ಲಿ ಕುಳಿತಿದ್ದ ಪರವೂರಿನ ಮುದುಕರೊಬ್ಬರು ಹೊರಗೆ ಬೆರಳು ಮಾಡಿ, “ಯಾರ್ದೋ ಏನೋ, ನೋಡ್ರಿ, ನಡಬರಕ ಬೋಳು ಬಿಟ್ಟಾರ,” ಅಂದರು. ನಾನು ಆ ಕಡೆ ತಿರುಗದೆ ಬ್ಯಾಗಿನಲ್ಲಿ ಏನೋ ಹುಡುಕುವವಳಂತೆ ಕುಳಿತೆ. ತಿರುಗದಿದ್ದರೂ ಕಂಡಿತ್ತು. ಎರಡು ಸಾಲು ಹಸಿರು, ಒಂದು ಸಾಲು ಕಪ್ಪು, ಮತ್ತೆ ಎರಡು ಹಸಿರು, ಮತ್ತೊಂದು ಕಪ್ಪು. ಹೊಲದ ಈ ತುದಿಯಿಂದ ಆ ತುದಿಗೆ ಹಾಗೆ ನಾಲ್ಕು ಕಡೆ.

ಭಾನುವಾರ ಅಕ್ಕ ನನ್ನನ್ನು ಕರೆದುಕೊಂಡು ಹೋದಳು. ಖಾಲಿ ಬಿದ್ದ ಜಾಗದಲ್ಲೇ ಮೆಲ್ಲಗೆ ನಡೆಯುತ್ತ ಹೋಗಿ ಒಂದು ಕಡೆ ಕುಳಿತಳು. ಅಲ್ಲಿ ಒಂದೇ ಅಂಗೈಯಗಲದಲ್ಲಿ ಜೋಳದ ಸಸಿಗಳು ಕಸಬರಿಗೆಯ ಹಾಗೆ ಒತ್ತಾಗಿ ಎದ್ದಿದ್ದವು. ಅದರಿಂದ ಮುಂದೆ ಸಾಲು ಸರಿಯಾಗಿ ಹುಟ್ಟಿತ್ತು.

“ಇಲ್ಲಿ ನಿನಗ ಗೊತ್ತಾಗೇದ,” ಅಂದಳು ಆ ಗುಂಪನ್ನು ಬೆರಳಿನಿಂದ ಬಿಡಿಸುತ್ತ. “ಯಾಕ ಒದರಲಿಲ್ಲ?”

ನಾನು ಉತ್ತರ ಕೊಡುವ ಮೊದಲೇ ಪಕ್ಕದ ಹೊಲದ ಹೆಂಗಸು ಬದು ದಾಟಿ ಬಂದಳು. ಅವಳ ಹೊಲಕ್ಕೂ ವರ್ಷ ವರ್ಷ ಮೊದಲ ಮುಷ್ಟಿ ಅಕ್ಕನದೇ. ಆ ವರ್ಷ ಅವರದು ಇನ್ನೂ ಬಿತ್ತಿರಲಿಲ್ಲ. ಹುಟ್ಟದ ಸಾಲುಗಳನ್ನು ನೋಡಿ ಬಾಯಿಗೆ ಸೆರಗು ಹಿಡಿದು, “ಯಾರ ಕೈ ಅವ್ವಾ ಇದು?” ಅಂದಳು.

“ನಂದ,” ಅಂದಳು ಅಕ್ಕ. ನನ್ನ ಕಡೆ ನೋಡಲೂ ಇಲ್ಲ.

ನಾನು ಅಲ್ಲೇ ಇದ್ದೆ, ಎರಡು ಮಾರು ದೂರ. ನನ್ನದು ಅಂತ ಮೂರಕ್ಷರದ ಮಾತು ಹೇಳಲು ಎಷ್ಟು ಹೊತ್ತು ಬೇಕು? ನಾನು ಬಗ್ಗಿ ಸೀರೆಯ ಅಂಚಿಗೆ ಹತ್ತಿದ ಮಣ್ಣು ಕೊಡವತೊಡಗಿದೆ. ದಾರಿಯಲ್ಲಿ ಮನೆಗೆ ಬರುವಾಗ, ಯಾಕೆ ಹಾಗೆ ಹೇಳಿದೆ ಅಂತ ಕೇಳಿದೆ. ಅವಳಿಗೆ ಅದೇನು ದೊಡ್ಡ ವಿಷಯವಾಗಿರಲಿಲ್ಲ.

“ನಿಂದು ಮೊದಲನೇ ಸಲ,” ಅಂದಳು. “ಮೊದಲ ಸಲಾನ ಕೈ ಚಲೋ ಇಲ್ಲ ಅಂದ್ರ ಮುಂದ ಬಟ್ಟಲ ಮುಟ್ಟಾಕ ಯಾರು ಬಿಡ್ತಾರ ನಿನಗ? ನಂದು ಇಪ್ಪತ್ತು ವರ್ಷದ ಕೈ. ಒಂದು ತಪ್ಪು ತಡಕೋತದ.”

ತಡೆದುಕೊಳ್ಳಲಿಲ್ಲ. ಇಡೀ ವಿಷಯದಲ್ಲಿ ಅವಳು ಮಾಡಿದ ಒಂದೇ ತಪ್ಪು ಅದು. ಪಕ್ಕದ ಹೊಲದವರು ಕೂರಿಗೆ ಹೂಡುವ ದಿನ ಅಕ್ಕ ಬೆಳಿಗ್ಗೆಯೇ ತಲೆಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. ಕರೆಯಲು ಯಾರೂ ಬರಲಿಲ್ಲ. ಬಿಸಿಲೇರಿದ ಮೇಲೆ ಅವರ ಬಂಡಿ ನಮ್ಮ ಮನೆಯ ಮುಂದಿನಿಂದಲೇ ಹೋಯಿತು. ಅದರಲ್ಲಿ ಆಚೆ ಓಣಿಯ ಬೇರೊಬ್ಬ ಹೆಣ್ಣುಮಗಳು ಕುಳಿತಿದ್ದಳು. ಅಕ್ಕ ಎದ್ದು ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

“ಅವರದೇನು ತಪ್ಪು,” ಅಂದಳು ನಾನು ಕೇಳದಿದ್ದರೂ. “ವರ್ಷದ ಕೂಳು ಅದ. ಅಂಜಿಕಿ ಇರ್ತದ.” ಕುಡಗೋಲು ತೆಗೆದುಕೊಂಡು ಹೊಲಕ್ಕೆ ನಡೆದಳು. ಆ ವರ್ಷ ಮತ್ತೆ ಯಾರೂ ಕರೆಯಲಿಲ್ಲ.

ನಾನು ಎದೆಯ ಮೇಲೆ ಕೈಯಿಟ್ಟು ಒಂದು ಮಾತು ಹೇಳಬೇಕು. ನಾಚಿಕೆಯಾಗಿತ್ತು, ಖರೆ. ಆದರೆ ಆ ಬಂಡಿ ಹಾದುಹೋದಾಗ ನಾಚಿಕೆಯ ಪಕ್ಕದಲ್ಲೇ ಇನ್ನೊಂದು ಇತ್ತು, ಸಣ್ಣಗೆ ತಂಪಾಗಿ. ಈಗ ನಾವಿಬ್ಬರೂ ಸಮ ಅನ್ನಿಸಿತು.

ಆ ಚಳಿಗಾಲದಲ್ಲಿ ನಾನು ಒಂದು ಪದ್ಯ ಬರೆದೆ. ಹುಟ್ಟದ ಸಾಲಿನ ಮೇಲೆ. ಅದರಲ್ಲಿ ಸೀರೆಯಿರಲಿಲ್ಲ, ಮುತ್ತಿರಲಿಲ್ಲ. ಬಾಯಿ ಕಟ್ಟಿದ ಕೊಳವೆ, ಸುಮ್ಮನಾದ ಸದ್ದು, ಐದು ದಿನ ಬಾಯಿ ಬಿಡದ ನೆಲ, ಆರನೆಯ ದಿನ ಊರೆಲ್ಲ ನೋಡುವಂತೆ ಕಪ್ಪಾಗಿ ಬಿದ್ದ ಗೆರೆ. ಸಿಂಗರಿಸಿಕೊಂಡು ಕುಳಿತವಳ ಮುಂದಿನಿಂದ ಹೋದ ಬಂಡಿ. ನಾನು ಬರೆದದ್ದರಲ್ಲೆಲ್ಲ ಅದೇ ಚೆನ್ನಾದದ್ದು, ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ಪದ್ಯದಲ್ಲಿ ಬಟ್ಟಲು ಹಿಡಿದವಳು ಅಕ್ಕ. ನೆಲ ಕೈಬಿಟ್ಟ ನನ್ನ ಅಕ್ಕ ಅಂತ ಎರಡು ಸಲ ಕರೆದಿದ್ದೆ, ಬಹಳ ಮರುಗಿದ್ದೆ. ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು. ಆ ನೀರನ್ನೂ ನಾನು ನಂಬಿದೆ.

ಸುರಪುರದಲ್ಲಿ ಮಹಿಳೆಯರ ಗೋಷ್ಠಿಯೊಂದರಲ್ಲಿ ಓದಿದೆ. ಮುಗಿದ ಮೇಲೆ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಹಳ್ಳಿಗಳಿಂದ ಬಂದ ಹೆಂಗಸರು ಬಂದು ಕೈ ಹಿಡಿದುಕೊಂಡರು. ಒಬ್ಬರು, “ನಮ್ಮ ಹೊಲ ಕಣ್ಣ ಮುಂದ ತಂದು ನಿಂದ್ರಿಸಿದ್ರಿ,” ಅಂದರು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಒಂದು ವಾರದಲ್ಲಿ ಅದು ನಮ್ಮೂರಿನ ವಾಟ್ಸಾಪ್ ಗುಂಪಿಗೂ ಬಂತು.

ಅಕ್ಕ ಅದನ್ನು ಮೊದಲು ನೋಡಿದ್ದು ಯಾರದೋ ಫೋನಿನಲ್ಲಿ, ಹಿಟ್ಟಿನ ಗಿರಣಿಯ ಮುಂದೆ. ಮನೆಗೆ ಬಂದು ಹಿಟ್ಟಿನ ಡಬ್ಬಿ ಇಳಿಸಿ, “ಇನ್ನೊಂದು ಸಲ ಹಚ್ಚು,” ಅಂದಳು. ನಾನು ಹಚ್ಚಿದೆ. ಗೋಡೆಗೆ ಒರಗಿ ನಿಂತು ಪೂರ್ತಿ ಕೇಳಿದಳು. ಮಂಜಿನ ಪದ್ಯ ಕೇಳಿದಾಗಿನಂತೆ ಈ ಸಲ ಎಲ್ಲೂ ಹುಬ್ಬು ಗಂಟಿಕ್ಕಲಿಲ್ಲ.

“ಈ ಸಲ ಎಲ್ಲಾ ಖರೆ ಬರದೀ,” ಅಂದಳು. “ಆ ಗುಂಪು ಎದ್ದಿದ್ದು ಒಂದು ಬಿಟ್ಟೀದಿ.”

ಅಷ್ಟೇ. ಒಲೆ ಹಚ್ಚಲು ಹೋದಳು. ಆ ಒಂದು ಅಂಗೈಯಗಲದ ಸಸಿಗಳನ್ನು ಬರೆದಿದ್ದರೆ ಬಟ್ಟಲು ಹಿಡಿದವಳಿಗೆ ಗೊತ್ತಿತ್ತು, ಗೊತ್ತಿದ್ದೂ ಮುಚ್ಚಿದಳು ಅಂತ ಹೇಳಬೇಕಾಗುತ್ತಿತ್ತು. ಅದಕ್ಕೇ ನಾನು ಬಿಟ್ಟಿದ್ದೆ. ಸುರಪುರದ ಸಭೆಯಲ್ಲಿ ಕುಳಿತವರಿಗೆ ಕಾಣದ ಆ ತೂತು ಇವಳಿಗೆ ಕಂಡಿತು. ನನಗೆ ಮತ್ತೆ ಮೈ ಉರಿಯಿತು. ನನ್ನ ಅತಿ ಒಳ್ಳೆಯ ಪದ್ಯದಲ್ಲೂ ಅತಿ ಒಳ್ಳೆಯ ಮಾತು ಅವಳ ಹತ್ತಿರವೇ ಉಳಿದಿತ್ತು.

ಮರುವರ್ಷ ಬಿತ್ತಿಗೆಯ ಹೊತ್ತಿಗೆ ಪಕ್ಕದ ಹೊಲದ ಆ ಹೆಂಗಸು ತಟ್ಟೆಯಲ್ಲಿ ಅರಿಸಿನ ಕುಂಕುಮ ಹಿಡಿದು ನಮ್ಮ ಮನೆಗೆ ಬಂದಳು. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಧ್ವನಿ ಕೇಳಿ ಕೈ ತೊಳೆದುಕೊಂಡು ಬಾಗಿಲಿಗೆ ಬಂದಳು. ಬಂದವಳು ತಟ್ಟೆಯನ್ನು ನನ್ನ ಕಡೆ ಚಾಚಿದಳು.

“ನಾಳೆ ಕೂರಗಿ ಹೂಡ್ತೀವ್ರಿ ಟೀಚರ,” ಅಂದಳು. “ಬಿತ್ತಿಗಿ ಬಗ್ಗೆ ಎಷ್ಟು ಚಂದ ಹಾಡೀರಿ, ನಮ್ಮ ಮನ್ಯಾಗ ಎಲ್ಲಾರೂ ನೋಡೇವಿ. ಮೊದಲನೇ ಮುಷ್ಟಿ ನಿಮ್ಮ ಕೈಲೆ ಹಾಕ್ಬೇಕ್ರಿ.”

ಅಕ್ಕ ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತಿದ್ದಳು. ತೊಳೆದ ಕೈಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅವಳ ಮುಖ ನೋಡಲಾಗಲಿಲ್ಲ. ಆಗ ಹೇಳಿದೆ, ಕೊನೆಗೂ ಹೇಳಿದೆ: “ಹೋದ ವರ್ಷ ಬಟ್ಟಲು ಹಿಡಿದದ್ದು ಅಕ್ಕ ಅಲ್ಲ, ನಾನು. ತಪ್ಪು ನನ್ನದು. ಕರೆಯುವುದಾದರೆ ಅವಳನ್ನು ಕರೆಯಿರಿ.”

ಆ ಹೆಂಗಸು ನನ್ನನ್ನೇ ನೋಡಿದಳು. ಅವಳ ಕಣ್ಣು ತುಂಬಿ ಬಂದವು.

“ನೋಡ್ರಿ ಎಂಥಾ ದೊಡ್ಡ ಮನಸು ಅದ ನಿಮ್ದು,” ಅಂದಳು. “ನೆಗೆಣ್ಣಿ ಮ್ಯಾಲಿನ ಮಾತು ತಮ್ಮ ಮ್ಯಾಲ ಹಾಕ್ಕೊಳ್ಳೋರು ಯಾರು ಇದ್ದಾರ್ರಿ ಈಗ? ನಾನೇ ಹೊಲದಾಗ ನಿಂತು ಕೇಳೀನಿ, ಆಕೀನೇ ನಂದು ಅಂದಾಳ. ನೀವೇ ಬರಬೇಕು ನೋಡ್ರಿ.”

ಭಾವ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ಅವರಿಗೆ ಗೊತ್ತಿತ್ತು. ಹೌದೋ ಅಲ್ಲವೋ ನೀವೇ ಹೇಳಿ ಅಂತ ಅವರನ್ನು ಒಂದು ಮಾತು ಕೇಳಬಹುದಿತ್ತು. ಪದ್ಯ ಸುಳ್ಳು ಅಂತ ಹೇಳಬಹುದಿತ್ತು. ನಾನು ಒಂದು ಸಲ ಹೇಳಿದ್ದೆ, ಎರಡನೆಯ ಸಲ ಹೇಳಲಿಲ್ಲ. ತಟ್ಟೆ ನನ್ನ ಮುಂದಿತ್ತು.

“ಹೋಗಿ ಬಾ,” ಅಂದಳು ಅಕ್ಕ. “ಕುಂಕುಮ ಹಿಡಕೊಂಡು ಬಂದಾರ, ಒಲ್ಲೆ ಅನಬಾರದು.”

ನೀನೂ ಬಾ ಅಂದೆ. “ನನಗ ಯಾರು ಕರದಾರ?” ಅಂದಳು. ಅದರಲ್ಲಿ ಕೊಂಕಿರಲಿಲ್ಲ, ನಮ್ಮ ಕಡೆ ಕರೆಯದೆ ಯಾರೂ ಯಾರ ಕೂರಿಗೆಗೂ ಹೋಗುವುದಿಲ್ಲ. ರೊಟ್ಟಿ ಸೀಯುತ್ತಿದೆ ಅಂತ ಒಳಗೆ ಹೋದಳು.

ನಾನು ಹೋದೆ. ವಿಭೂತಿ ಹಚ್ಚಿದ ಕೂರಿಗೆ, ಹಸಿರು ಬಳೆ, ನೊಗ ಹೊತ್ತು ಕಾದು ನಿಂತ ಎತ್ತುಗಳು. ನನಗಾಗಿ ಕಾದ ಎತ್ತುಗಳು. ಮುಷ್ಟಿ ತುಂಬ ಕಾಳು ತೆಗೆದುಕೊಂಡು ಬಟ್ಟಲಿಗೆ ಬಿಟ್ಟೆ, ಅವರು ಫೋಟೋ ತೆಗೆದರು, ಉಡಿ ತುಂಬಿ ಖಣ ಕೊಟ್ಟರು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು. ಯಾವ ಶಾಲು ಹೊದ್ದಾಗಲೂ ಅಷ್ಟು ಆಗಿರಲಿಲ್ಲ. ಆ ಖಣವನ್ನು ಮನೆಗೆ ತಂದು ಅಕ್ಕನ ಮುಂದೆ ಇಟ್ಟೆ, ಇದು ನಿನ್ನದು ಅಂದೆ. ಅವಳು ಬೆರಳಲ್ಲಿ ಬಟ್ಟೆಯ ಅಂಚು ಮುಟ್ಟಿ ನೋಡಿ, “ಚಲೋ ಅದ, ಹೊಲಿಸಿಕೋ,” ಅಂತ ನನ್ನ ಕಡೆಗೇ ಸರಿಸಿದಳು.

ವಾರ ಕಳೆದು ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅಕ್ಕ ಹೊಲದ ಕಡೆಯಿಂದ ದಾಪುಗಾಲು ಹಾಕುತ್ತ ಬಂದಳು. ಕಾಲಿಗೆ ಎರೆಮಣ್ಣು ಮೆತ್ತಿತ್ತು. ಪಕ್ಕದವರ ಹೊಲ ನೋಡಿಕೊಂಡು ಬಂದಿದ್ದಳು.

“ಎಲ್ಲಾ ಹುಟ್ಟ್ಯಾವ,” ಅಂದಳು, ಏದುಸಿರು ಬಿಡುತ್ತ. “ಒಂದು ಗೇಣೂ ಬಿಟ್ಟಿಲ್ಲ. ಈ ಕಡಿಂದ ಆ ಕಡಿತನಕ ನಡದು ನೋಡಿ ಬಂದೀನಿ. ನಿನ್ನ ಕೈ ಚಲೋ ಅದ.”

ಅವಳ ಮುಖದಲ್ಲಿ ಒಂದಿಷ್ಟಾದರೂ ಚುಚ್ಚು ಇದೆಯೇನೋ ಅಂತ ಹುಡುಕಿದೆ. ಕಣ್ಣಲ್ಲಿ ನೋಡಿದೆ, ತುಟಿಯ ತುದಿಯಲ್ಲಿ ನೋಡಿದೆ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬೇರೆಯವರ ಹೊಲದಲ್ಲಿ ಜೋಳ ಹುಟ್ಟಿದೆ ಅನ್ನುವ ಖುಷಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆ ಬೆಳಿಗ್ಗೆ ನನಗೆ ಅವಳ ಮೇಲೆ ಆದಷ್ಟು ಹೊಟ್ಟೆಕಿಚ್ಚು ಅದಕ್ಕೆ ಮೊದಲು ಯಾವತ್ತೂ ಆಗಿರಲಿಲ್ಲ.